ಸಂಕದಿಂದ ಶುರು ಮಾಡಿ, ಡಾಕ್ಟರೇ

ಪ್ರಿಯ ಡಾಕ್ಟರೇ,

ಹೆಬ್ರಿ ಕಡೆಯ ಹಳ್ಳಿಯಿಂದ ಅಮೆರಿಕದ ಕಾನ್ಸಾಸ್‌ವರೆಗಿನ ನಿಮ್ಮ ಬದುಕಿನ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸು ಬಾರದ್ದರಿಂದ ಇಷ್ಟುದ್ದ ಬರೆಯುತ್ತಿದ್ದೇನೆ.

ಹನ್ನೆರಡು ಪುಟಗಳಲ್ಲಿ ಏಳು ಪುಟ ರ‍್ಯಾಂಕು, ಪರೀಕ್ಷೆ, ಸನ್ಮಾನಕ್ಕೇ ಹೋಗಿದೆ. ಅಮೆರಿಕದಲ್ಲಿ ವೈದ್ಯರಾಗಲು ಬರೆಯುವ ಯುಎಸ್‌ಎಂಎಲ್‌ಇ ಪರೀಕ್ಷೆಯ ಅಂಕ ಕಟ್ಟಿಕೊಂಡು ಉಡುಪಿಯ ಓದುಗರಿಗೆ ಏನಾಗಬೇಕು? ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೇ ಪುಟದ ಎರಡೇ ಸಾಲು. ಆಟಿ ತಿಂಗಳ ಮಳೆಯಲ್ಲಿ, ಇಲಿಜ್ವರದಿಂದ ಕಣ್ಣು ಹಳದಿಯಾದ ಅಮ್ಮನನ್ನು ಬಿದಿರಿಗೆ ಕಂಬಳಿಯ ಜೋಲಿ ಕಟ್ಟಿ ಅಡಿಕೆಮರದ ಸಂಕ (ಕಾಲುಸೇತುವೆ) ದಾಟಿಸಿದ್ದು. ಇಲಿಯ ಮೂತ್ರ ಬೆರೆತ ಗದ್ದೆಯ ಕೆಸರು, ನಾಟಿಗೆ ಇಳಿದವರ ಒಡೆದ ಹಿಮ್ಮಡಿ, ಅಲ್ಲಿಂದ ಒಳಹೊಕ್ಕ ಜ್ವರ, ಇದನ್ನು ನಿಮಗಿಂತ ಚೆನ್ನಾಗಿ ಯಾರು ಬರೆದಾರು? ನೀವೋ ಮರುಸಾಲಿನಲ್ಲೇ ‘ಕಡುಬಡತನದಲ್ಲಿ ಅರಳಿದ ಕಮಲ’ಕ್ಕೆ ಹಾರಿದ್ದೀರಿ. ಆ ಕಮಲವನ್ನು ದಯವಿಟ್ಟು ತೆಗೆಯಿರಿ.

ಒಂದು ತಿದ್ದುಪಡಿ. ಕೆಎಂಸಿ (ಕಸ್ತೂರ್ಬಾ ಮೆಡಿಕಲ್ ಕಾಲೇಜು) 1953ರಲ್ಲಿ ಶುರುವಾದದ್ದು ನೀವು ಬರೆದಂತೆ ಮಂಗಳೂರಿನಲ್ಲಲ್ಲ, ಮಣಿಪಾಲದಲ್ಲಿ, ಮಂಗಳೂರಿನದು 1955. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಅಜ್ಜಿಯೊಬ್ಬರು ತುಳುವಿನಲ್ಲಿ ಹೇಳಿದ ನೋವನ್ನು ನೀವು ಸಹಪಾಠಿಗೆ ತಿಳಿಸಿದ ಪ್ರಸಂಗ ಹಾಗೇ ಇರಲಿ.

ಇನ್ನು ನೀವು ಆರಿಸಿಕೊಂಡ ಫ್ಯಾಮಿಲಿ ಮೆಡಿಸಿನ್. ನಮ್ಮಲ್ಲಿ ಮೊಣಕಾಲು ನೋವಿಗೆ ಸೀದಾ ಮೂಳೆ ಡಾಕ್ಟರು, ಎದೆಯುರಿಗೆ ಹಾರ್ಟಿನ ಡಾಕ್ಟರು. ‘ಅಷ್ಟು ಓದಿ ಬರೇ ಫ್ಯಾಮಿಲಿ ಡಾಕ್ಟರಾ?’ ಎನ್ನುವ ಮಾವಂದಿರು ಮನೆಮನೆಯಲ್ಲಿದ್ದಾರೆ. ಅಮೆರಿಕದಲ್ಲಿ ಅದು 1969ರಿಂದಲೇ ಪ್ರತ್ಯೇಕ ತಜ್ಞ ವಿಭಾಗ. ಹಸುಗೂಸಿನಿಂದ ಮುದುಕರವರೆಗೆ ಇಡೀ ಮನೆಯನ್ನು ನೋಡುವುದಕ್ಕೆ ಮೂರು ವರ್ಷದ ತರಬೇತಿ ಯಾಕೆ ಬೇಕೆಂದು ಒಂದೇ ಒಂದು ಕುಟುಂಬದ ಕತೆಯಲ್ಲಿ ತೋರಿಸಿ.

ನನಗೆ ಅತಿ ಮುಖ್ಯವೆನಿಸಿದ್ದನ್ನು ನೀವು ಮುಟ್ಟಿ ಬಿಟ್ಟಿದ್ದೀರಿ. ಅಮೆರಿಕದಲ್ಲಿ ಜೆ-1 ಎಂಬ ತರಬೇತಿ ವೀಸಾದಲ್ಲಿ ಕಲಿತ ವೈದ್ಯರು ಎರಡು ವರ್ಷ ಸ್ವದೇಶಕ್ಕೆ ಮರಳಬೇಕು. ಇಲ್ಲವೇ ವಿನಾಯಿತಿ ಪಡೆದು, ವೈದ್ಯರ ಕೊರತೆಯಿರುವ ಊರಿನಲ್ಲಿ ಮೂರು ವರ್ಷ ದುಡಿಯಬೇಕು. ನೀವು ಎರಡನೆಯದನ್ನು ಆರಿಸಿಕೊಂಡಿರಿ. ಡಾಕ್ಟರಿಲ್ಲದ ಹಳ್ಳಿಯಿಂದ ಹೊರಟವರು ಡಾಕ್ಟರಿಲ್ಲದ ಇನ್ನೊಂದು ಹಳ್ಳಿಯನ್ನೇ ಸೇರಿದಿರಿ. ಹಾಗಾದರೆ ನಿಮ್ಮೂರಿಗೆ ಈಗ ಯಾರು? ಓದುಗರು ಕೇಳಿಯೇ ಕೇಳುತ್ತಾರೆ. ಉತ್ತರ ಕಹಿಯಾದರೂ ನೀವೇ ಬರೆಯಿರಿ, ಅದನ್ನು ನಾನು ಕತ್ತರಿಸುವುದಿಲ್ಲ.

ಅಮ್ಮನಿಗೊಂದು ಫೋನ್ ಮಾಡಿ. ಅವತ್ತು ಜೋಲಿ ಹೊತ್ತವರು ಯಾರೆಂದು ಕೇಳಿ. ಲೇಖನದಲ್ಲಿ ಹದಿನಾಲ್ಕು ಪ್ರೊಫೆಸರುಗಳ ಹೆಸರಿದೆ, ಆ ಇಬ್ಬರದ್ದು ಇಲ್ಲ.

ನಿಮ್ಮ,
ಸಂಪಾದಕ, ಉಡುಪಿ