ಓದುಗರ ಪ್ರಶ್ನೆ: ಕೌನ್ಸಿಲ್ ಫ್ಲಾಟು, ಕರೆಂಟ್ ಹೀಟರು, ಬಿಲ್ಲಿನ ಗೋಳು

ಪ್ರಶ್ನೆ: ಈಸ್ಟ್ ಲಂಡನ್ನಲ್ಲಿ ಕೌನ್ಸಿಲ್ (ಇಲ್ಲಿನ ನಗರಸಭೆ) ಬಾಡಿಗೆಗೆ ಕೊಡೋ ಟವರಿನ ಹನ್ನೊಂದನೇ ಮಹಡೀಲಿ ಇದೀವಿ. ಗ್ಯಾಸ್ ಇಲ್ಲ, ಇರೋದು ರಾತ್ರಿ ಅಗ್ಗದ ಕರೆಂಟಲ್ಲಿ ಶಾಖ ತುಂಬ್ಕೊಂಡು ಹಗಲು ಬಿಡೋ ಹಳೇ ಸ್ಟೋರೇಜ್ ಹೀಟರ್‌ಗಳು. ಬೆಳಿಗ್ಗೆ ಎದ್ದಾಗ ಸುಡ್ತಾ ಇರತ್ತೆ, ಎಲ್ಲರೂ ಕೆಲಸ, ಸ್ಕೂಲು ಅಂತ ಹೋಗ್ಬಿಡ್ತೀವಿ, ಸಂಜೆ ಬರೋ ಹೊತ್ತಿಗೆ ತಣ್ಣಗೆ. ಆಮೇಲೆ ಫ್ಯಾನ್ ಹೀಟರ್ ಮುಂದೆ ಕೂತ್ಕೊಂಡು ಬಿಲ್ ನೋಡಿ ಅಳೋದು. ಕೌನ್ಸಿಲಿನವರು ಪ್ಯಾನೆಲ್ ಹೀಟರ್ ಹಾಕ್ಕೊಡ್ತೀವಿ ಅಂತಿದಾರೆ, ಒಪ್ಕೊಳ್ಲಾ? ಗ್ಯಾಸ್ ಯಾಕೆ ಕೊಡಲ್ಲ ಇವ್ರು?
- ಹೆಸರು ಬೇಡ, ಲಂಡನ್

ಉತ್ತರ: ಗ್ಯಾಸಿನ ಆಸೆ ಬಿಡಿ ಮೇಡಂ. 1968ರ ಮೇ 16ಕ್ಕೆ, ನಿಮ್ಮ ಕಡೇನೇ, ನ್ಯೂಹ್ಯಾಮಿನ ರೋನನ್ ಪಾಯಿಂಟ್ ಅನ್ನೋ 22 ಮಹಡಿ ಕಟ್ಟಡದಲ್ಲಿ ಗ್ಯಾಸ್ ಸ್ಫೋಟ ಆಗಿ ಒಂದು ಮೂಲೆ ಪೂರ್ತಿ ಮೇಲಿಂದ ಕೆಳಗೆ ಕುಸೀತು, ನಾಲ್ಕು ಜನ ಸತ್ರು. ಕಾಂಕ್ರೀಟ್ ಹಲಗೆ ಜೋಡಿಸಿ ಕಟ್ಟಿದ ಅಂಥಾ ಎಷ್ಟೋ ಟವರುಗಳಲ್ಲಿ ಆಮೇಲೆ ಗ್ಯಾಸ್ ತೆಗೆದು ಕರೆಂಟ್ ಹಾಕಿದ್ರು.

ಪ್ಯಾನೆಲ್ ಹೀಟರಿಗೆ ಮಾತ್ರ ಹೂಂ ಅನ್ಬೇಡಿ. ಹಾಕೋರಿಗೆ ಅಗ್ಗ, ಗೋಡೆಗೆ ಸಿಕ್ಕಿಸಿದ್ರೆ ಅವರ ಕೆಲಸ ಮುಗೀತು, ಆದ್ರೆ ಅದು ಶಾಖ ಕೂಡಿಡಲ್ಲ, ಓಡೋದು ಹಗಲಿನ ದುಬಾರಿ ಯೂನಿಟ್ಟಲ್ಲಿ, ದುಡ್ಡು ಕಟ್ಟೋರು ನೀವು. ನಿಮ್ಮ ಫ್ಯಾನ್ ಹೀಟರ್ ಲೆಕ್ಕಾನೇ ನೋಡಿ, 2 ಕಿಲೋವ್ಯಾಟಿಂದು ಗಂಟೆಗೆ 2 ಯೂನಿಟ್ ತಿನ್ನತ್ತೆ, ಯೂನಿಟ್ಟಿಗೆ 30 ಪೆನ್ಸ್ ಅಂತ ಹಿಡೀರಿ, ಸಂಜೆ ಒಟ್ಟು 5 ತಾಸು ಓಡಿದ್ರೆ 3 ಪೌಂಡ್, ಅದೂ ಒಂದು ರೂಮಿಗೆ. ಪ್ಯಾನೆಲ್ ಹೀಟರೂ ಅದೇ ಜಾತಿ.

ಈಗಿರೋ ಹೀಟರ್ ಹತ್ರ ಹೋಗಿ ಮೇಲಿನ ಮುಚ್ಚಳ ಎತ್ತಿ ನೋಡಿ, ಎರಡು ನಾಬ್ ಇರತ್ತೆ. ಇನ್‌ಪುಟ್ ಅನ್ನೋದು ರಾತ್ರಿ ಒಳಗಿನ ಇಟ್ಟಿಗೆಗೆ ಎಷ್ಟು ಶಾಖ ತುಂಬ್ಕೋಬೇಕು ಅನ್ನೋದಕ್ಕೆ, ಔಟ್‌ಪುಟ್ ಅನ್ನೋದು ಒಳಗಿನ ಒಂದು ಬಾಗಿಲು ತೆಗೆದು ಅದನ್ನ ಬಿಡೋದಕ್ಕೆ. ಬಹಳ ಮನೆಗಳಲ್ಲಿ ಎರಡನ್ನೂ ಫುಲ್ ತಿರುಗಿಸಿ ಮರ್ತುಬಿಟ್ಟಿರ್ತಾರೆ, ಹಂಗಾಗಿ ರಾತ್ರಿ ತುಂಬಿದ್ದೆಲ್ಲ ನೀವು ಮಲಗಿರೋವಾಗಲೇ ಸೋರಿ ಹೋಗತ್ತೆ. ಔಟ್‌ಪುಟ್ಟನ್ನ ಮಲಗೋಕೆ ಮುಂಚೆ ಕನಿಷ್ಠಕ್ಕೆ ಇಳಿಸಿ, ಬೆಳಿಗ್ಗೆ ಮುಟ್ಟಬೇಡಿ, ಸಂಜೆ ಬಂದ ಮೇಲೆ ಏರಿಸಿ. ಹಳೇ ಹೀಟರಲ್ವಾ, ಹಂಗೂ ಸ್ವಲ್ಪ ಸೋರತ್ತೆ, ಆದ್ರೆ ಫ್ಯಾನ್ ಹೀಟರ್ ಅರ್ಧ ಹೊತ್ತು ಆಫ್ ಆದ್ರೂ ಲಾಭಾನೇ. ಸ್ಕ್ರೂ ಬಿಚ್ಚೋ ಸಾಹಸ ಬೇಡ, ತುಂಬಾ ಹಳೇದಾದ್ರೆ ಒಳಗೆ ಆಸ್ಬೆಸ್ಟಾಸ್ ಇರಬಹುದು.

ಇದಕ್ಕಿಂತ ದೊಡ್ಡ ವಿಷಯ ಮೀಟರ್ರು. ಸ್ಟೋರೇಜ್ ಹೀಟರಿಗೆ ಅರ್ಥ ಇರೋದೇ ಎಕಾನಮಿ 7 ಅನ್ನೋ ದರದಲ್ಲಿ, ಅಂದ್ರೆ ರಾತ್ರಿ ಹೊತ್ತು ಒಟ್ಟು ಏಳು ತಾಸು ಅಗ್ಗದ ಕರೆಂಟು. ಸಪ್ಲೈಯರ್ (ಕರೆಂಟ್ ಕಂಪನಿ) ಬದಲಾಯಿಸುವಾಗ ಯಾರೋ ಹಗಲು ರಾತ್ರಿ ಒಂದೇ ದರದ ಸಿಂಗಲ್ ರೇಟಿಗೆ ಹಾಕಿದ್ರೆ ಎಲ್ಲಾ ವೇಸ್ಟು. ಬಿಲ್ಲಲ್ಲಿ ಎರಡು ರೀಡಿಂಗ್ ಇದೆಯಾ ನೋಡಿ. ಇದ್ರೆ, ರಾತ್ರಿ ಹೀಟರ್ ಕರೆಂಟ್ ಎಳೀತಿರೋವಾಗ ಒಮ್ಮೆ ಮೀಟರ್ ಮುಂದೆ ನಿಂತು ಯಾವ ನಂಬರ್ ಓಡ್ತಿದೆ ಅಂತ ನೋಡಿ, ಡೇ ಅಂತ ಬರೆದಿರೋದು ಓಡ್ತಿದ್ರೆ ಎರಡೂ ಅದಲು ಬದಲಾಗಿದೆ ಅಂತ ಅರ್ಥ, ಸಪ್ಲೈಯರ್ ಸರಿಮಾಡಿ ದುಡ್ಡು ವಾಪಸ್ ಕೊಡಬೇಕು.

ಕೌನ್ಸಿಲಿಗೆ ಬರೀ ಫೋನ್ ಮಾಡಿದ್ರೆ ಸಾಲದು, ಇಮೇಲ್ ಹಾಕಿ. ಕೇಳಬೇಕಾದ್ದು ಹೈ ಹೀಟ್ ರಿಟೆನ್ಶನ್ ಸ್ಟೋರೇಜ್ ಹೀಟರ್ ಅಂತ, ಒಳಗೆ ದಪ್ಪ ಇನ್ಸುಲೇಶನ್, ಫ್ಯಾನು, ಥರ್ಮೋಸ್ಟಾಟ್, ಟೈಮರ್ ಎಲ್ಲಾ ಇರತ್ತೆ, ಸಂಜೆ 6ಕ್ಕೆ ಬಿಸಿ ಬೇಕು ಅಂದ್ರೆ 6ಕ್ಕೇ ಕೊಡತ್ತೆ. ಇನ್ನೂ ದೊಡ್ಡದಾಗಿ ಕೇಳ್ಬೇಕು ಅಂದ್ರೆ ಟೆನೆಂಟ್ಸ್ ಅಸೋಸಿಯೇಶನ್ ಮೂಲಕ ಎನ್‌ಫೀಲ್ಡ್ ಉದಾಹರಣೆ ಕೊಡಿ, ಲಂಡನ್ನಿನದೇ ಆ ಭಾಗದ ಕೌನ್ಸಿಲ್ ಎಂಟು ಟವರುಗಳಲ್ಲಿ ಸುಮಾರು 400 ಫ್ಲಾಟಿಗೆ ನೆಲದಡಿ ಪೈಪ್ ಹಾಕಿಸಿ ಒಂದೊಂದು ಫ್ಲಾಟಿಗೂ ನೆಲದ ಶಾಖ ಎಳೆದು ಮನೆ ಬಿಸಿ ಮಾಡೋ ಪುಟ್ಟ ಹೀಟ್ ಪಂಪ್ ಕೊಟ್ಟಿದೆ. ಒಂದು ಯೂನಿಟ್ ಕರೆಂಟಿಗೆ ಹತ್ರಹತ್ರ ಮೂರು ಯೂನಿಟ್ ಶಾಖ.

ಆದ್ರೆ ಕಾನೂನು ಎಲ್ಲಿವರೆಗೆ ಅಂತ ತಿಳ್ಕೊಂಡಿರಿ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟಿನ 11ನೇ ಸೆಕ್ಷನ್ ಪ್ರಕಾರ ಹೀಟಿಂಗ್ ಕೆಟ್ರೆ ರಿಪೇರಿ ಮಾಡಲೇಬೇಕು, ಚೆನ್ನಾಗಿರೋದನ್ನ ಕೊಡಿ ಅಂತ ಅದು ಹೇಳಲ್ಲ. ಗೋಡೆಗೆ ಬೂಷ್ಟು ಬಂದಿದ್ರೆ ಮಾತ್ರ ಫೋಟೋ ಸಮೇತ ಬರೀರಿ, 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಲ್ಲಿ ಕೌನ್ಸಿಲ್ ಥರದವರು ತಮ್ಮ ಬಾಡಿಗೆ ಮನೆಯ ತೇವ, ಬೂಷ್ಟಿಗೆ ಟೈಮಿಗೆ ಸರಿಯಾಗಿ ಸ್ಪಂದಿಸಬೇಕು ಅನ್ನೋ ಅವಾಬ್ಸ್ ಲಾ ಜಾರಿ ಇದೆ, ಆರೋಗ್ಯಕ್ಕೆ ಗಂಭೀರ ಅಪಾಯ ಅನ್ನೋ ಥರ ಇದ್ರೆ 10 ವರ್ಕಿಂಗ್ ಡೇ ಒಳಗೆ ಬಂದು ನೋಡಬೇಕು. ಬರ್ಲಿಲ್ವಾ, ಕೌನ್ಸಿಲಿನ ಎರಡು ಹಂತದ ಕಂಪ್ಲೇಂಟ್ ಮುಗಿಸಿ, ಇಂಥಾ ಮನೆ ದೂರುಗಳನ್ನ ಸ್ವತಂತ್ರವಾಗಿ ವಿಚಾರಿಸೋ ಹೌಸಿಂಗ್ ಓಂಬುಡ್ಸ್‌ಮನ್ ಹತ್ರ ಹೋಗಿ, ಫೀಸ್ ಇಲ್ಲ.

ಪ್ರಶ್ನೆ: ಮೀಟರ್ ಬದಲಾಯಿಸ್ಬೇಕು ಅಂತ ಪದೇ ಪದೇ ಲೆಟರ್ ಬರ್ತಿದೆ, ಹೀಟಿಂಗ್ ಚೆನ್ನಾಗೇ ಇದೆ. ಸುಮ್ನೆ ಇರ್ಲಾ?
- ಒಬ್ಬ ಓದುಗ, ಸ್ಕಾಟ್ಲೆಂಡ್

ಉತ್ತರ: ಸುಮ್ನಿರಬೇಡಿ. ನಿಮ್ಮದು ಬಹುಶಃ ರೇಡಿಯೋ ಟೆಲಿಸ್ವಿಚ್ ಮೀಟರ್, ಬಿಬಿಸಿ ರೇಡಿಯೋ 4ರ ಲಾಂಗ್ ವೇವ್ ಸಿಗ್ನಲ್ ನೋಡ್ಕೊಂಡು ಹೀಟರ್ ಆನ್ ಆಫ್ ಮಾಡತ್ತೆ. ಆ ಸರ್ವಿಸನ್ನ 2025ರ ಜೂನ್ 30ರಿಂದ ಏರಿಯಾ ಏರಿಯಾ ಅಂತ ನಿಲ್ಲಿಸ್ತಾ ಬಂದಿದಾರೆ, ಸಿಗ್ನಲ್ ಹೋದ್ರೆ ಹೀಟರ್ ಆನೇ ಆಗದೇ ಇರಬಹುದು ಇಲ್ಲಾ ದಿನವಿಡೀ ಓಡಬಹುದು. ಬದಲಾಯಿಸೋದು ಸಪ್ಲೈಯರ್ ಕೆಲಸ, ಕೌನ್ಸಿಲಿಂದಲ್ಲ. ಹೊಸ ಮೀಟರ್ ಹಾಕಿದವರು ಹೊರಡೋ ಮುಂಚೆ ಹೀಟರಿನ ಸರ್ಕ್ಯೂಟ್ ಟೆಸ್ಟ್ ಮಾಡಿಸಿ, ಅಗ್ಗದ ಟೈಮ್ ಎಷ್ಟರಿಂದ ಎಷ್ಟು ಅಂತ ಅವರ ಕೈಲೇ ಬರೆಸ್ಕೊಳಿ.