ಅಟ್ಟದ ಮೇಲೆ ರಾತ್ರಿಯಿಡೀ ದಡಬಡ

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಹಳೇ ಹಂಚಿನ ಮನೆ. ಮಳೆ ಶುರುವಾದ ಮೇಲೆ ಅಟ್ಟದಲ್ಲಿ ಇಲಿಗಳ ಕಾಟ ಜಾಸ್ತಿಯಾಗಿದೆ. ಬೋನಿಟ್ಟು ಹತ್ತು ದಿನವಾಯಿತು, ಒಂದೂ ಬಿದ್ದಿಲ್ಲ. ವಿಷ ಇಡೋಣ ಅಂದರೆ ಅತ್ತೆ "ಗಣಪತಿ ವಾಹನ, ಬೇಡ" ಅನ್ನುತ್ತಾರೆ. ಎರಡು ವರ್ಷದ ಮಗುವೂ ಇದೆ. ಏನು ಮಾಡಲಿ?

ಉತ್ತರ: ಕಾರಣ ಏನೇ ಇರಲಿ, ಈ ವಿಷಯದಲ್ಲಿ ನಾನು ನಿಮ್ಮ ಅತ್ತೆಯ ಕಡೆ. ವಿಷ ತಿಂದ ಇಲಿ ಹೊರಗೆ ಹೋಗಿ ಸಾಯುತ್ತದೆ ಅಂತ ಹೇಳಿ ಮಾರುತ್ತಾರಲ್ಲ, ಅದನ್ನು ನಂಬಬೇಡಿ. ನಮ್ಮ ಮನೆಯಲ್ಲಿ ಅದು ಸತ್ತಿದ್ದು ಮುಚ್ಚಿಗೆಯ ಸಂದಿಯಲ್ಲಿ, ಎರಡು ಹಲಗೆ ಕಿತ್ತ ಮೇಲೆ ಸಿಕ್ಕಿತು, ಅಷ್ಟರಲ್ಲಿ ಆ ಕೋಣೆಯಲ್ಲಿ ಯಾರೂ ಮಲಗುವ ಹಾಗಿರಲಿಲ್ಲ. ಮಗು ಇರುವ ಮನೆಗೆ ಹಳದಿ ರಂಜಕದ (ಯೆಲ್ಲೋ ಫಾಸ್ಫರಸ್) ಇಲಿಪಾಷಾಣದ ಪೇಸ್ಟ್ ಅಂತೂ ತರಲೇಬೇಡಿ. ಅದು ಲಿವರ್ ಕೆಡಿಸುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ತಿಂದವರು ಒಂದೆರಡು ದಿನ ಚೆನ್ನಾಗಿಯೇ ಕಾಣಬಹುದು, ಹಾಗಂತ ಸುಮ್ಮನಿರಬಾರದು, ಬಾಯಿಗೆ ಹೋಗಿದೆ ಅಂತ ಅನುಮಾನ ಬಂದರೂ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು, ಟ್ಯೂಬನ್ನೂ ಜೊತೆಗೆ ಒಯ್ಯಬೇಕು.

ಬೋನಿಗೆ ಯಾಕೆ ಬೀಳುತ್ತಿಲ್ಲ? ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಅದಕ್ಕೇ ಮೊದಲ ನಾಲ್ಕೈದು ರಾತ್ರಿ ಬೋನಿನ ಬಾಗಿಲು ಬೀಳದ ಹಾಗೆ ದಾರದಲ್ಲಿ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿ ಚೂರೋ ಈರುಳ್ಳಿ ಬಜ್ಜಿಯೋ ಇಡಿ. ಆರಾಮಾಗಿ ತಿಂದು ಹೋಗಲಿ. ಅಭ್ಯಾಸವಾದ ಮೇಲೆ ದಾರ ಬಿಚ್ಚಿ. ಅಟ್ಟದ ನಡುವೆ ಇಡಬೇಡಿ, ಇಲಿ ಗೋಡೆ ಸವರಿಕೊಂಡೇ ಓಡುವುದು, ಧೂಳಿನಲ್ಲಿ ಅದರ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ, ಅಲ್ಲೇ ಗೋಡೆಗೆ ತಾಗಿಸಿಡಿ. ಬಿದ್ದದ್ದನ್ನು ಪಕ್ಕದವರ ಗದ್ದೆಗೆ ಬಿಟ್ಟು ಬರುವುದು ಮಾತ್ರ ಪುಣ್ಯದ ಕೆಲಸ ಅಲ್ಲ, ಅವರಿಗೂ ಭತ್ತ ಇದೆ!

ಆದರೆ ಬೋನು ಅರ್ಧ ಕೆಲಸ ಅಷ್ಟೇ. ಇಲಿ ಮೂರು ವಾರದಲ್ಲಿ ಮರಿ ಹಾಕುತ್ತದೆ, ನೀವು ವಾರಕ್ಕೊಂದು ಹಿಡಿದರೆ ಲೆಕ್ಕ ಎಲ್ಲಿ ಮುಟ್ಟೀತು? ದಾರಿ ಮುಚ್ಚಬೇಕು. ಚಿಟ್ಟಿಲಿಗೆ ಪೆನ್ಸಿಲ್ ತೂರುವಷ್ಟು ತೂತು ಸಾಕು. ಮಾಡಿಗೆ ತಾಗುವ ಮಾವಿನ ಕೊಂಬೆಯನ್ನು ಮೂರು ಅಡಿಯಾದರೂ ಹಿಂದಕ್ಕೆ ಕಡಿಸಿ. ಸೂರಿನ ಸಂದಿಗೆ ಕಾಲು ಇಂಚಿನ ಕಬ್ಬಿಣದ ಜಾಲರಿ ಹೊಡೆಸಿ, ಕೋಳಿಗೂಡಿನ ಜಾಲರಿಯಲ್ಲಿ ಚಿಟ್ಟಿಲಿ ಸಲೀಸಾಗಿ ನುಗ್ಗುತ್ತದೆ. ಗೋಡೆಯ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಅಟ್ಟದ ಹಳೇ ಗೋಣಿಚೀಲ, ಪೇಪರ್ ಕಟ್ಟು ಇಳಿಸಿಬಿಡಿ, ಬಾಣಂತನಕ್ಕೆ ಅದಕ್ಕಿಂತ ಒಳ್ಳೇ ಜಾಗ ಅವಕ್ಕೆ ಬೇಕಾ? ಇಲಿ ಇದ್ದಲ್ಲಿಗೆ ಹಾವೂ ಬರುತ್ತದೆ, ಮಲೆನಾಡಿನವರಿಗೆ ಇದನ್ನು ನಾನು ಹೇಳಬೇಕಿಲ್ಲ.

ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸಬೇಡಿ. ಕೈಗೆ ಗ್ಲೌಸ್ ಹಾಕಿ, ಬ್ಲೀಚಿಂಗ್ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ. ಇಲಿಜ್ವರ ಹರಡುವುದು ಇಲಿಯ ಮೂತ್ರ ಸೇರಿದ ನೀರು, ಮಣ್ಣಿನಿಂದ. ಕಾಲಲ್ಲಿ ಗಾಯ ಇದ್ದಾಗ ಬರಿಗಾಲಲ್ಲಿ ಕೆಸರಿಗೆ ಇಳಿಯಬೇಡಿ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ದರೆ ಡಾಕ್ಟರಿಗೆ ಮನೆಯಲ್ಲಿ ಇಲಿ ಇರುವುದನ್ನೂ ಹೇಳಿ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ. ಕಾರಿನ ವೈರ್ ಎರಡು ಸಲ ಕಡಿದಿವೆ. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿದರೆ ಆಗುತ್ತದಾ?

ಉತ್ತರ: ಘಾಟು ಇರುವಷ್ಟು ದಿನ, ಆಮೇಲೆ ಅದನ್ನೂ ದಾಟಿಕೊಂಡು ಬರುತ್ತವೆ. ಇಲಿಯ ಮುಂದಿನ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಏನಾದರೂ ಕಡಿಯುತ್ತಲೇ ಇರಬೇಕು. ಕಾರನ್ನು ವಾರಗಟ್ಟಲೆ ಒಂದೇ ಕಡೆ ನಿಲ್ಲಿಸಬೇಡಿ, ಕಸದ ಡಬ್ಬಿಯಿಂದ ದೂರ ನಿಲ್ಲಿಸಿ. ಸೀಟಿನ ಕೆಳಗೆ ಮಗು ಚೆಲ್ಲಿದ ಚುರುಮುರಿ ಇದೆಯಾ ಅಂತಲೂ ಒಮ್ಮೆ ಬಗ್ಗಿ ನೋಡಿ.

ಪ್ರಶ್ನೆ: ಮೂತಿ ಉದ್ದ ಇರುವ, ಚಿಕ್ ಚಿಕ್ ಅನ್ನುವ, ಕೆಟ್ಟ ವಾಸನೆಯ ಇಲಿ ಬಚ್ಚಲಿಗೆ ಬರುತ್ತದೆ. ಅಕ್ಕಿ, ಬಟ್ಟೆ ಏನೂ ಮುಟ್ಟಿಲ್ಲ.

ಉತ್ತರ: ಅದು ಸುಂಡಿಲಿ. ಇಲಿಯ ಜಾತಿಯೇ ಅಲ್ಲ, ಅದು ಬರುವುದು ಜಿರಳೆ ತಿನ್ನಲು. ಬಚ್ಚಲ ಮೋರಿಗೆ ಜಾಲರಿ ಹಾಕಿಸಿ, ಸಾಕು.