ಕೋಲ್ಕತಾದ ನೆರಳು, ಕಾಸರಗೋಡಿನ ಬೆಂಚು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಶಾಲೆಯ ಅಂಗಳದಲ್ಲಿ ನೆಮ್ಮದಿಯಾಗಿ ಕೂರುವ ಒಂದು ಜಾಗ, ಅದರ ವಿನ್ಯಾಸ ಹೈಸ್ಕೂಲು ಮಕ್ಕಳ ಕೈಯಿಂದಲೇ, ಅದೂ ಕಂಪ್ಯೂಟರಿನಲ್ಲಿ. ಈ ಕುರಿತು ಬಂದ ಪತ್ರಗಳಿಗೆ ಈ ಸಲದ ಉತ್ತರ. ಹೆಚ್ಚಿನ ಪತ್ರಗಳು ಒಂದೇ ಮಾತಿನಿಂದ ಶುರುವಾಗುತ್ತವೆ: ‘ಯಾವ ಸಾಫ್ಟ್‌ವೇರ್ ಒಳ್ಳೆಯದು?’ ಟೇಪು ಹಿಡಿದು ಅಂಗಳ ಅಳೆದವರು ಈ ಪ್ರಶ್ನೆ ಕೇಳುವುದಿಲ್ಲ. ಇನ್‌ಸ್ಟಾಲ್ ಮಾಡುವುದು, ಫೈಲ್ ಉಳಿಸುವುದು ಮುಂತಾದ್ದನ್ನು ಇಲ್ಲಿ ಹೇಳಿಕೊಡುವುದಿಲ್ಲ. ಅದನ್ನು ಕೇರಳದ ಶಾಲೆಗಳ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸಿನ ನಿಮ್ಮ ಮಕ್ಕಳು ನಿಮಗಿಂತ ಚೆನ್ನಾಗಿ ಬಲ್ಲರು.

ನಮ್ಮದು ಗುಡ್ಡದ ಬದಿಯ ಕನ್ನಡ ಮಾಧ್ಯಮ ಹೈಸ್ಕೂಲು. ಒಂಬತ್ತನೆಯ ತರಗತಿಯವರು ಸ್ವೀಟ್ ಹೋಮ್ ತ್ರೀಡಿ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಚೆಂದದ ತೋಟ ಮಾಡಿದರು. ಪಿಟಿಎ ದುಡ್ಡಿನಲ್ಲಿ ಬೆಂಚೂ ಕಟ್ಟಿಸಿದೆವು. ಚಿತ್ರದಲ್ಲಿ ಮರದ ನೆರಳು ಬೆಂಚಿನ ಮೇಲೇ ಇತ್ತು. ಈಗ ನೋಡಿದರೆ ಊಟದ ಹೊತ್ತಿಗೆ ಬೆಂಚು ಕಾದ ಕಾವಲಿ. ಬೇರೆ ಸಾಫ್ಟ್‌ವೇರ್ ಹಾಕಬೇಕೇ? (ಅಧ್ಯಾಪಕಿ, ಪೆರ್ಲ)

ಬೇಡ. ಸಾಫ್ಟ್‌ವೇರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ಊರು ಮಾತ್ರ ಬೇರೆ. ಸ್ವೀಟ್ ಹೋಮ್ ತ್ರೀಡಿ ಹೊಸ ಕಡತ ತೆರೆದಾಗ ಕಂಪ್ಯೂಟರಿನ ಸಮಯವಲಯ ನೋಡಿ ಸ್ಥಳವನ್ನು ಊಹಿಸುತ್ತದೆ. ನಮ್ಮ ಕಂಪ್ಯೂಟರುಗಳಲ್ಲಿ ಸಮಯವಲಯದ ಹೆಸರು ‘ಏಷ್ಯಾ/ಕೋಲ್ಕತಾ’. ಹಾಗಾಗಿ ಅದು ಕೋಲ್ಕತಾವನ್ನೇ ಹಿಡಿದುಕೊಂಡು ಕೂತಿರುತ್ತದೆ. ಕೋಲ್ಕತಾ 22.5 ಡಿಗ್ರಿ ಉತ್ತರದಲ್ಲಿದೆ, ಕಾಸರಗೋಡು 12.5ರಲ್ಲಿ. ಡಿಸೆಂಬರ್ 22ರ ನಡುಹಗಲಿಗೆ 8 ಮೀಟರ್ ಎತ್ತರದ ಮರದ ನೆರಳು ಅಲ್ಲಿ ಬಡಗು ದಿಕ್ಕಿಗೆ 8.3 ಮೀಟರ್ ಚಾಚುತ್ತದೆ, ಇಲ್ಲಿ ಬರೀ 5.8 ಮೀಟರ್. ನಿಮ್ಮ ಮಕ್ಕಳು ಬೆಂಚನ್ನು ಬುಡದಿಂದ ಏಳು ಮೀಟರ್ ಬಡಗಿಗೆ ಇಟ್ಟಿದ್ದರೆ ಅದು ಕೋಲ್ಕತಾದಲ್ಲಿ ತಂಪು, ಪೆರ್ಲದಲ್ಲಿ ಬಿಸಿಲು. ಇಷ್ಟು ಸಾಲದ್ದಕ್ಕೆ ಗಡಿಯಾರದ ತಪ್ಪೂ ಸೇರುತ್ತದೆ. ಎರಡು ಊರಿನ ರೇಖಾಂಶದ ವ್ಯತ್ಯಾಸದಿಂದ ನೆರಳು ಸುಮಾರು 53 ನಿಮಿಷ ಮುಂದೆ ಓಡಿರುತ್ತದೆ.

ನಕ್ಷೆಯಲ್ಲಿರುವ ದಿಕ್ಸೂಚಿಯ ಮೇಲೆ ಎರಡು ಸಲ ಒತ್ತಿ. ಅಕ್ಷಾಂಶ 12.5 ಉತ್ತರ, ರೇಖಾಂಶ 75 ಪೂರ್ವ ಎಂದು ತುಂಬಿ, ಸಮಯವಲಯ ಇದ್ದ ಹಾಗೇ ಇರಲಿ. ಅಲ್ಲೇ ಉತ್ತರ ದಿಕ್ಕಿನ ಕೋನವನ್ನೂ ಕೊಡಬೇಕು, ತಪ್ಪುವುದು ಇಲ್ಲೇ. ಫೋನಿನ ದಿಕ್ಸೂಚಿ ಕಬ್ಬಿಣದ ಗೇಟು, ಶೀಟಿನ ಮಾಡು, ಸೈಕಲ್ ಸ್ಟ್ಯಾಂಡಿನ ಹತ್ತಿರ ಹುಚ್ಚುಹುಚ್ಚಾಗಿ ತಿರುಗುತ್ತದೆ. ಅದಕ್ಕಿಂತ ಒಂದು ಕೋಲು ವಾಸಿ. ನೆಟ್ಟಗೆ ನಿಲ್ಲಿಸಿದ 1 ಮೀಟರ್ ಕೋಲಿನ ನೆರಳು ದಿನದಲ್ಲಿ ಅತಿ ಗಿಡ್ಡವಾದ ಗಳಿಗೆಗೆ ಗೆರೆ ಎಳೆದರೆ ಆ ಗೆರೆಯೇ ತೆಂಕು-ಬಡಗು. ಆ ಗಳಿಗೆ ಇಲ್ಲಿ 12 ಗಂಟೆಗೆ ಬರುವುದಿಲ್ಲ, ಸರಾಸರಿ 12.30ಕ್ಕೆ ಬರುತ್ತದೆ. ನವೆಂಬರ್ ಮೊದಲ ವಾರದಲ್ಲಿ 12.14, ಫೆಬ್ರವರಿ ನಡುವಿನಲ್ಲಿ 12.44. ಏಪ್ರಿಲಿನಿಂದ ಆಗಸ್ಟಿನವರೆಗೆ ಈ ಪ್ರಯೋಗಕ್ಕೆ ಕೈ ಹಾಕಬೇಡಿ. ಸೂರ್ಯ ನೆತ್ತಿಯ ಹತ್ತಿರವೇ ಇದ್ದು, ನಡುವೆ ನಮ್ಮ ಬಡಗಿಗೂ ದಾಟುತ್ತಾನೆ. ನೆರಳು ತೀರಾ ಮೋಟಾಗಿ ಗೆರೆ ಸಿಗುವುದಿಲ್ಲ.

ಇನ್ನು ಪರೀಕ್ಷೆ. ಇದನ್ನು ಮಾಡದೆ ಯಾವ ಮಾದರಿಯನ್ನೂ ಒಪ್ಪಬೇಡಿ. ಅದೇ 1 ಮೀಟರ್ ಕೋಲನ್ನು ಮಾದರಿಯಲ್ಲೂ ಅದೇ ಜಾಗದಲ್ಲಿ ನಿಲ್ಲಿಸಿ, ಇವತ್ತಿನ ತಾರೀಕು, ಈಗಿನ ಗಂಟೆ ಕೊಟ್ಟು ಸಾಫ್ಟ್‌ವೇರಿನಿಂದಲೇ ಫೋಟೊ ತೆಗೆಸಿ. ಫೋಟೊದ ಗುಣಮಟ್ಟವನ್ನು ತೀರಾ ಮೇಲಿನ ಎರಡು ಹಂತಗಳಲ್ಲಿ ಒಂದಕ್ಕೆ ಏರಿಸಿದರೆ ಮಾತ್ರ ಬಿಸಿಲಿನ ನೆರಳು ಸರಿಯಾಗಿ ಬೀಳುತ್ತದೆ. ಲ್ಯಾಬಿನ ಹಳೆಯ ಯಂತ್ರ ಏದುಸಿರು ಬಿಟ್ಟರೆ ಚಿತ್ರದ ಅಳತೆಯನ್ನು 400ಕ್ಕೆ 300 ಪಿಕ್ಸೆಲ್‌ಗೆ ಇಳಿಸಿ. ಅಂಗಳದ ನೆರಳಿನ ತುದಿಗೂ ಚಿತ್ರದ ನೆರಳಿನ ತುದಿಗೂ ಒಂದು ಗೇಣಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಉತ್ತರದ ಕೋನ ತಪ್ಪಿದೆ, ಅಥವಾ ಕೋಲು ವಾಲಿದೆ. ಹೊಂದಿದ ಮೇಲೆ ಮೂರು ತಾರೀಕು ನೋಡಿ: ಅಕ್ಟೋಬರ್ 15, ಡಿಸೆಂಬರ್ 22, ಮಾರ್ಚ್ 10. ಮೂರಕ್ಕೂ ಹೊತ್ತು ಮಧ್ಯಾಹ್ನದ ಊಟದ್ದು. ಏಪ್ರಿಲ್-ಮೇ ಬಿಸಿಲಿಗೆ ತಲೆ ಕೆಡಿಸಿಕೊಳ್ಳಬೇಡಿ, ಆಗ ಶಾಲೆಗೆ ರಜೆ.

ಮರದ ವಿಚಾರದಲ್ಲಿ ಮಕ್ಕಳು ಮಾಡುವ ತಪ್ಪು ಬೇರೆಯೇ. ಮಾದರಿಗಳ ರಾಶಿಯಿಂದ ಗುಂಡಗಿನ ವಿದೇಶಿ ಮರವೊಂದನ್ನು ತಂದು ಇಟ್ಟುಬಿಡುತ್ತಾರೆ. ಅಂಗಳದ ಹಲಸಿನ ಮರದ ಎತ್ತರ, ಕೊಂಬೆಗಳ ಹರವು ತೆಂಕು-ಬಡಗಿಗೆ ಎಷ್ಟು, ಮೂಡು-ಪಡುವಿಗೆ ಎಷ್ಟು ಎಂದು ಅಳೆದು, ಆ ಅಳತೆಗೆ ಮಾದರಿಯನ್ನು ಎಳೆಯಬೇಕು. ಎತ್ತರಕ್ಕೆ ಮರ ಹತ್ತಬೇಕಾಗಿಲ್ಲ. ಕೋಲಿನ ನೆರಳು 60 ಸೆಂಟಿಮೀಟರ್, ಅದೇ ಹೊತ್ತಿಗೆ ಮರದ ನೆರಳು ಬುಡದ ನಡುವಿನಿಂದ 4.8 ಮೀಟರ್ ಇದ್ದರೆ ಮರ 8 ಮೀಟರ್. ಅಡಿಕೆ ಮರದ ನೆರಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕೂತವರು ಅರ್ಧ ಗಂಟೆಯಲ್ಲಿ ನಾಲ್ಕು ಸಲ ಸರಿಯಬೇಕಾಗುತ್ತದೆ. ರಬ್ಬರು ಬೇಸಗೆಯ ಮೊದಲೇ ಎಲೆ ಉದುರಿಸಿ ಬೋಳಾಗುತ್ತದೆ.

ಗುಡ್ಡದ ಬದಿ ಎಂದಿದ್ದೀರಿ. ಸ್ವೀಟ್ ಹೋಮ್ ಮನೆಯೊಳಗಿನ ವಿನ್ಯಾಸಕ್ಕೆ ಹುಟ್ಟಿದ್ದು, ಅದರ ನೆಲ ಚಪ್ಪಟೆ. ಇಳಿಜಾರನ್ನು ಅದರಲ್ಲಿ ತೋರಿಸಲು ಒದ್ದಾಡಬೇಡಿ. 10 ಮೀಟರ್ ಪಾರದರ್ಶಕ ಪೈಪಿಗೆ ಗುಳ್ಳೆಯಿಲ್ಲದಂತೆ ನೀರು ತುಂಬಿ ಮಟ್ಟ ಹಿಡಿಯಿರಿ, ಮೇಸ್ತ್ರಿಗಳು ಹಿಡಿಯುವ ಹಾಗೆ. ಎರಡು ಮೀಟರಿಗೊಮ್ಮೆ ಬರೆದುಕೊಂಡು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ 1 ಮೀಟರಿಗೆ 20 ಮಿಲಿಮೀಟರಿನಂತೆ ಅಡ್ಡಸೀಳಿನ ಚಿತ್ರ ಬಿಡಿಸಲಿ. ಬೆಂಚಿನ ಹಿಂದೆ ಮಳೆನೀರು ಎಲ್ಲಿ ನಿಲ್ಲುತ್ತದೆ, ಗಾಲಿಕುರ್ಚಿ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಆ ಚಿತ್ರದಲ್ಲೇ ಕಾಣುತ್ತದೆ. ದಾರಿಯ ಅಗಲ 1.2 ಮೀಟರಿಗೆ ಕಡಿಮೆ ಬೇಡ, ತಿರುಗುವಲ್ಲಿ 1.5 ಮೀಟರ್, ಏರು 12 ಮೀಟರಿಗೆ 1 ಮೀಟರ್ ಮೀರಬಾರದು. ವಿಶೇಷ ಚೇತನ ಮಕ್ಕಳ ಬಡ್ಸ್ ಶಾಲೆಗಳಿರುವ ಜಿಲ್ಲೆಯಲ್ಲಿ ಇದನ್ನು ‘ಆಮೇಲೆ ನೋಡುವಾ’ ಎನ್ನುವುದು ನಾಚಿಕೆಗೇಡು.

ಕೂತವರಿಗೆ ನೆಮ್ಮದಿ ಸಿಗುತ್ತದೋ ಇಲ್ಲವೋ ನೋಡಲು ಸ್ವೀಟ್ ಹೋಮಿನ ‘ವರ್ಚುವಲ್ ಭೇಟಿಗಾರ’ನ ಕಣ್ಣಿನ ಎತ್ತರವನ್ನು 1.1 ಮೀಟರಿಗೆ ಇಳಿಸಿ. ನಿಂತವನ ಕಣ್ಣಿನಲ್ಲಿ ಚೆಂದ ಕಾಣುವ ತೋಟ ಕೂತವನಿಗೆ ಬರೀ ಕಾಂಪೌಂಡು ಗೋಡೆ ಆಗಿರಬಹುದು. ಬೆನ್ನಿಗೆ ಏನಾದರೂ ಆಸರೆ, ಮುಂದೆ ದೂರದ ನೋಟ, ಬರುವ ದಾರಿ ಕಣ್ಣಿಗೆ ಬೀಳುವಂತೆ. ಬೆನ್ನಿನ ಆಸರೆ ಪಡುವ ಕಡೆಗಿದ್ದರೆ ಮಳೆಯ ಎರಚಲೂ ಸಂಜೆಯ ಬಿಸಿಲೂ ತಪ್ಪುತ್ತವೆ. ಹದಿಹರೆಯದವರು ಬಸ್‌ಸ್ಟ್ಯಾಂಡಿನ ಸಾಲು ಬೆಂಚಿನಲ್ಲಿ ಮಾತಾಡುವುದಿಲ್ಲ. ಒಂದೂವರೆ ಮೀಟರಿನ ಎರಡು ಬೆಂಚುಗಳನ್ನು ಮೂಲೆಯಾಗಿ ಜೋಡಿಸಿದರೆ ಮಾತಾಡುತ್ತಾರೆ, ಸುಮ್ಮನೆ ಕೂರಲೂ ಆಗುತ್ತದೆ. ಸುತ್ತಲಿನ ಗಿಡ 90 ಸೆಂಟಿಮೀಟರ್ ದಾಟಬಾರದು. ಸ್ಟಾಫ್ ರೂಮಿನಿಂದ ಮಕ್ಕಳು ಕಾಣಬೇಕು, ಈ ವಿಷಯದಲ್ಲಿ ನನ್ನದು ಹಳೆಯ ಕಾಲದ ಹೆದರಿಕೆ ಎಂದರೂ ಸರಿಯೇ.

ನಿಮ್ಮ ಬೆಂಚು ಈಗ ಕಟ್ಟಿ ಆಗಿದೆ. ಒಡೆಯಬೇಡಿ, ಅದರ ತೆಂಕಿಗೆ ಮೂರು ಮೀಟರ್ ಬಿಟ್ಟು ಒಂದು ರೆಂಜೆ ನೆಡಿ, ನೆರಳಿಗೆ ಕೆಲವು ವರ್ಷ ಕಾಯಬೇಕು. ಕೆಂಪುಕಲ್ಲಿನ ನೆಲವಾದರೆ ಗುಂಡಿ 90 ಸೆಂಟಿಮೀಟರ್ ಉದ್ದ, ಅಗಲ, ಆಳ. ಅದರ ತಗ್ಗಿನ ಬದಿಗೆ ನೀರು ಹೋಗಲು ಒಂದು ಕಂಡಿ ಕೊರೆಯದಿದ್ದರೆ ಜೂನಿನಲ್ಲಿ ಗುಂಡಿ ಬಾವಿಯಾಗಿ ಬೇರು ಕೊಳೆಯುತ್ತದೆ. ಗುಂಡಿ ತೋಡುವ ಮೊದಲು ಊರಿನ ಹಿರಿಯರಲ್ಲಿ ಆ ಗುಡ್ಡದಡಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗ ಹಾದಿದೆಯೇ ಕೇಳಿ. ಹಾದಿದ್ದರೆ ಅದರ ಮೇಲೆ ಮರವೂ ಬೇಡ, ಕಟ್ಟೆಯೂ ಬೇಡ. ಮುಂದಿನ ಸಲ ಸಿಮೆಂಟು ಕಲಸುವ ಮೊದಲು ರಂಗೋಲಿ ಪುಡಿಯಲ್ಲಿ ಗೆರೆ ಹಾಕಿ, ಪ್ಲಾಸ್ಟಿಕ್ ಕುರ್ಚಿ ಇಟ್ಟು ಒಂದು ವಾರ ಬಿಡಿ. ಮಕ್ಕಳು ಕುರ್ಚಿಯನ್ನು ಎಲ್ಲಿಗೆ ಎಳೆದುಕೊಂಡು ಹೋಗುತ್ತಾರೋ ಬೆಂಚಿನ ಜಾಗ ಅದು.

ಶಾಲೆ ಹೆದ್ದಾರಿಯ ಪಕ್ಕ. ಎರಡು ಸಾಲು ಗಿಡ ನೆಟ್ಟರೆ ಸದ್ದು ಕಡಿಮೆಯಾಗುತ್ತದಲ್ಲ? (ಮಂಜೇಶ್ವರ)

ಆಗುವುದಿಲ್ಲ. ಎರಡು ಸಾಲು ಗಿಡ ಲಾರಿಯನ್ನು ಮರೆಮಾಡುತ್ತದೆ, ಹಾರ್ನನ್ನಲ್ಲ. ಸದ್ದು ತಡೆಯುವುದು ಭಾರವಿರುವ, ಸಂದಿಲ್ಲದ ವಸ್ತು. ಕೆಂಪುಕಲ್ಲಿನ ಗೋಡೆ ಕೂತವರ ತಲೆಗಿಂತ ಸಾಕಷ್ಟು ಎತ್ತರಕ್ಕೆ ಏರಿ, ಬೆಂಚು ಅದಕ್ಕೆ ಒತ್ತಿಕೊಂಡಿದ್ದರೆ ಸ್ವಲ್ಪ ಕೇಳಿಸದೆ ಹೋಗುತ್ತದೆ. ಇಲ್ಲವೇ ಜಾಗವನ್ನೇ ಕಟ್ಟಡದ ಹಿಂಬದಿಗೆ ಒಯ್ಯಿರಿ, ದುಡ್ಡೂ ಉಳಿಯುತ್ತದೆ. ಫೋನಿನ ಸದ್ದು ಅಳೆಯುವ ಆ್ಯಪಿನ ಅಂಕಿಯನ್ನು ನಂಬಿ ಯಾರಿಗೂ ಮನವಿ ಬರೆಯಬೇಡಿ. ಒಂದೇ ಫೋನಿನಿಂದ, ಒಂದೇ ಹೊತ್ತಿಗೆ ಎರಡು ಜಾಗ ಹೋಲಿಸಲು ಮಾತ್ರ ಅದು ಸಾಕು.

ಎಐ ಹತ್ತಿರ ಕೇಳಿದರೆ ಕ್ಷಣದಲ್ಲಿ ತೋಟದ ಚಿತ್ರ ಕೊಡುತ್ತದೆ. ಅಳತೆಯ ಗೋಳು ಯಾಕೆ? (ಉಪ್ಪಳ)

ಆ ಚಿತ್ರದಲ್ಲಿ ಬೆಂಚು ಎಷ್ಟು ಉದ್ದ ಎಂದು ಮೇಸ್ತ್ರಿ ಕೇಳಿದಾಗ ಗೊತ್ತಾಗುತ್ತದೆ.

ವಾಸ್ತು ಪ್ರಕಾರ ಧ್ಯಾನದ ಮೂಲೆ ಈಶಾನ್ಯದಲ್ಲೇ ಇರಬೇಕೇ? (ಕುಂಬಳೆ)

ಈಶಾನ್ಯದಲ್ಲಿ ನಿಮ್ಮ ಶೌಚಾಲಯ ಇದೆ ಎಂದು ನೀವೇ ಬರೆದಿದ್ದೀರಿ.

ನೀರಿನ ಸಣ್ಣ ಕೊಳ ಮನಸ್ಸಿಗೆ ಹಿತ ಎನ್ನುತ್ತಾರೆ. (ಬದಿಯಡ್ಕ)

ಸೊಳ್ಳೆಗೂ ಹಿತ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಓಣಂ ರಜೆಯಲ್ಲಿ ಅದನ್ನು ನೋಡಿಕೊಳ್ಳುವವರ ಹೆಸರು ಬರೆದಿಡುವವರೆಗೆ ಕೊಳ ಬೇಡ.

ಲ್ಯಾಬಿನಲ್ಲಿ ಕಂಪ್ಯೂಟರ್ ಕೆಟ್ಟಿದೆ, ಮಕ್ಕಳ ಹತ್ತಿರ ಫೋನ್ ಮಾತ್ರ. (ಮುಳ್ಳೇರಿಯ)

ಗ್ರಾಫ್ ಕಾಗದ, 1 ಮೀಟರಿಗೆ 2 ಸೆಂಟಿಮೀಟರ್. ಫೋನಿನಲ್ಲಿ ದಿನಕ್ಕೆ ಮೂರು ಸಲ ಒಂದೇ ಕಲ್ಲಿನ ಮೇಲೆ ನಿಂತು ಅಂಗಳದ ಫೋಟೊ ತೆಗೆದು, ನೆರಳಿನ ಅಂಚನ್ನು ಕಾಗದಕ್ಕೆ ಇಳಿಸಲಿ. ಮುಕ್ಕಾಲು ಪಾಲು ಕೆಲಸ ಅಷ್ಟೇ.

ನಮ್ಮ ಮಗಳು ಹತ್ತನೆಯ ತರಗತಿ, ತುಂಬ ಮಂಕಾಗಿದ್ದಾಳೆ, ನಿದ್ದೆಯಿಲ್ಲ. ಹಸಿರು ಚಿಕಿತ್ಸೆಯ ಆನ್‌ಲೈನ್ ಕೋರ್ಸಿನವರು ತೋಟ ವಿನ್ಯಾಸ ಮಾಡಿಸಿದರೆ ಗುಣವಾಗುತ್ತದೆ ಎನ್ನುತ್ತಾರೆ. (ಕಾಸರಗೋಡು)

ದುಡ್ಡು ಕಟ್ಟಬೇಡಿ. ಇಂಥವರು ಎತ್ತಿ ಆಡುವುದು 1984ರಲ್ಲಿ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನವನ್ನು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದ 23 ಮಂದಿ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಸ್ವಲ್ಪ ಬೇಗ ಮನೆಗೆ ಹೋದರು. ಅವರಿಗೆ ಶಸ್ತ್ರಚಿಕಿತ್ಸೆ ವೈದ್ಯರೇ ಮಾಡಿದ್ದು, ಮರವಲ್ಲ. ಮಗಳನ್ನು ವೈದ್ಯರಿಗೆ ತೋರಿಸಿ. ಇವತ್ತೇ ಮಾತಾಡಬೇಕಾದರೆ ಸಹಾಯವಾಣಿಗಳಿವೆ: ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಕೇರಳದ ದಿಶಾ 1056. ತೋಟ ಆಮೇಲೆ, ಅವಳಿಗೆ ಮನಸ್ಸಿದ್ದರೆ.

ಲ್ಯಾವೆಂಡರ್ ಸಾಲು ಇಟ್ಟ ಮಾದರಿಗೆ ಬಹುಮಾನ ಬಂತು. ಗಿಡ ಎಲ್ಲಿ ಸಿಗುತ್ತದೆ? (ಅಡೂರು)

ಸಿಕ್ಕಿದರೂ ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕೊಳೆಯುತ್ತದೆ. ಬಹುಮಾನ ಕೊಟ್ಟವರು ಕೊಡೆ ಹಿಡಿದು ನಿಲ್ಲುತ್ತಾರೆಯೇ? ಮೊಣಕಾಲೆತ್ತರಕ್ಕೆ ಕೇಪಳ, ಪರಿಮಳಕ್ಕೆ ಮಲ್ಲಿಗೆ, ಇಳಿಜಾರಿನ ಮಣ್ಣು ಹಿಡಿಯಲು ಲಾವಂಚ. ಹೆಸರು ಕೇಳಿ ಲಾವಂಚವನ್ನೇ ಲ್ಯಾವೆಂಡರ್ ಎಂದು ಮಾರುವವರಿದ್ದರೆ ಎಲೆ ನೋಡಿ. ಲಾವಂಚ ಹುಲ್ಲು, ಅದರ ಪರಿಮಳ ಬೇರಿನಲ್ಲಿ.